ಹೊಡೆದು ತಿಂದರಾಯ್ತಲ್ಲ?

ನಮ್ಮೂರು ಪಾಂಡವಪುರ ತಾಲ್ಲೂಕು, ಮೇಲುಕೋಟೆ ಬೆಟ್ಟದ ತಪ್ಪಲು ಅಂತ ಗೊತ್ತಾದ ಕೂಡಲೇ ಮಾತು ಕಬ್ಬಿಗೆ ಹೋಗುತ್ತದೆ, ಕಬ್ಬಿನಿಂದ ಅದನ್ನು ತಿನ್ನುವ ಕಾಡುಹಂದಿಗೆ. ಮದುವೆಮನೆಯ ಪಂಕ್ತಿಯಲ್ಲಿ ಕೂತಿರಲಿ, ಬೆಂಗಳೂರಿನ ಬಸ್ಸಿನಲ್ಲಿ ಕೂತಿರಲಿ, ಆಮೇಲೆ ಬರುವ ಪ್ರಶ್ನೆ ಒಂದೇ: "ಅಷ್ಟೊಂದು ಕಾಟ ಅಂತೀರಿ, ಹೊಡೆದು ತಿಂದರಾಯ್ತಲ್ಲ?" ಇನ್ನೊಂದಿಷ್ಟು ಜನ ಅದನ್ನೇ ತಿರುಗಿಸಿ ಕೇಳುತ್ತಾರೆ. "ನಿಮ್ಮ ಕಡೆ ಅಯ್ಯಂಗಾರರು ತಿನ್ನಲ್ಲ, ಲಿಂಗಾಯತರು ತಿನ್ನಲ್ಲ, ಮುಸ್ಲಿಮರು ಮುಟ್ಟೋದೂ ಇಲ್ಲ. ತಿನ್ನೋರು ಕಮ್ಮಿ, ಅದಕ್ಕೇ ಹಂದಿ ಜಾಸ್ತಿ. ಅಲ್ವಾ?"

ಅಲ್ಲ. ಯಾಕೆ ಅಲ್ಲ ಅಂತ ಹೇಳಬೇಕಾದರೆ ಪಕ್ಕದ ಜಮೀನಿನ ಬಾವಿಯ ಕಥೆ ಹೇಳಬೇಕು.

ನಮ್ಮ ಕಬ್ಬಿನ ಗದ್ದೆಗೆ ಅಂಟಿಕೊಂಡಂತೆ ಒಬ್ಬ ಮುಸ್ಲಿಂ ರೈತರ ಎರಡು ಎಕರೆ ಇದೆ. ನಾನು ಅವರನ್ನು ಭಾಯಿ ಅನ್ನುತ್ತೇನೆ, ಅವರು ನನ್ನನ್ನು ಗೌಡ್ರೇ ಅನ್ನುತ್ತಾರೆ. ಅವರ ತೆರೆದ ಬಾವಿಗೆ ಕಟ್ಟೆ ಇಲ್ಲ. ಒಂದು ಬೆಳಿಗ್ಗೆ ಫೋನು ಬಂತು: "ಗೌಡ್ರೇ, ಸ್ವಲ್ಪ ಬನ್ನಿ. ಬಾವಿಗೆ ಅದು ಬಿದ್ದಿದೆ." ಭಾಯಿ ಹಂದಿ ಅನ್ನುವ ಹೆಸರನ್ನೂ ಬಾಯಲ್ಲಿ ತರುವುದಿಲ್ಲ, "ಅದು" ಅಂದರೆ ಅದೇ. ಹೋಗಿ ನೋಡಿದರೆ ಒಳ್ಳೆ ಎಮ್ಮೆಗರುವಿನಷ್ಟು ಗಾತ್ರದ ಗಂಡು ಹಂದಿ, ಸತ್ತು ತೇಲುತ್ತಿದೆ.

ಅಷ್ಟು ಹೊತ್ತಿಗೆ ಅರ್ಧ ಊರು ಅಲ್ಲಿ ಸೇರಿತ್ತು. ಹಗ್ಗ ತಂದವರ ಕಣ್ಣಲ್ಲಿ ಏನಿತ್ತು ಅಂತ ನನಗೆ ಗೊತ್ತು, ಯಾಕೆಂದರೆ ನನ್ನ ಕಣ್ಣಲ್ಲೂ ಅದೇ ಇತ್ತು. ಆದರೆ 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಸತ್ತು ಸಿಕ್ಕಿದ ಕಾಡುಪ್ರಾಣಿಯೂ ಸರ್ಕಾರದ ಸೊತ್ತು. ಅದು ಕೈಗೆ ಬಂದ 48 ಗಂಟೆಯೊಳಗೆ ಪೊಲೀಸರಿಗೋ ಅರಣ್ಯ ಇಲಾಖೆಗೋ ತಿಳಿಸಬೇಕು. ಬೆಳೆ ಹಾಳುಮಾಡುವ ಹಂದಿಯನ್ನು ಹೊಡೆಯಲು ಅಧಿಕಾರಿ ಲಿಖಿತ ಅನುಮತಿ ಕೊಡುವುದಕ್ಕೆ ಕಾಯ್ದೆಯಲ್ಲಿ ದಾರಿ ಇದೆ ನಿಜ. ಹಾಗೆ ಹೊಡೆದದ್ದೂ ಸರ್ಕಾರದ್ದೇ, ನಿಮ್ಮ ಒಲೆಯದ್ದಲ್ಲ. ಎಚ್.ಡಿ. ಕೋಟೆ ದಾಟಿದರೆ ಸಿಗುವ ಕೇರಳದಲ್ಲಿ 2022ರಿಂದ ಪಂಚಾಯಿತಿ ಅಧ್ಯಕ್ಷರೇ ಹಂದಿಗೆ ಗುಂಡು ಹಾಕಿಸಬಹುದು. ಅಲ್ಲೂ ಹೊಡೆದ ಮೇಲೆ ಹೂಳಬೇಕು. ಬೀಫು, ಪೋರ್ಕು ಎರಡೂ ತಿನ್ನುವ ಜನ ಧಾರಾಳವಾಗಿರುವ ಕೇರಳದಲ್ಲೇ ಹೀಗಂದ ಮೇಲೆ "ಹೊಡೆದು ತಿನ್ನು" ಅನ್ನುವುದಕ್ಕೆ ಅಡ್ಡ ಬರುತ್ತಿರುವುದು ಮಡಿ ಮೈಲಿಗೆಯಲ್ಲ ಅಂತ ಗೊತ್ತಾಗಬೇಕು.

ಅರಣ್ಯದವರು ಬಂದರು, ಮಹಜರು ಬರೆದರು, ಗುಂಡಿ ತೋಡಿಸಿ ಹೂಳಿಸಿದರು. ಪಕ್ಕದಲ್ಲಿ ನಿಂತಿದ್ದ ಒಬ್ಬ ಹಿರಿಯರು ಸಂಕಟದಿಂದ ಅಂದರು: "ಎಂಥಾ ಬಾಡು ಮಣ್ಣುಪಾಲಾಯ್ತು ಕಣಪ್ಪ."

ಈ ಹಿರಿಯರ ಮಾತನ್ನು ಬೆಂಗಳೂರಿನವರಿಗೆ ಬಿಡಿಸಿ ಹೇಳಬೇಕು. ಹಂದಿ ಅಂದರೆ ಯಾವುದಾದರೂ ಸರಿ ಅನ್ನುವವರಲ್ಲ ಅವರು. ಊರಹಂದಿ ಕಂಡರೆ ಉಗಿಯುತ್ತಾರೆ. ನಮ್ಮ ಅಜ್ಜಿಯದೂ ಅದೇ ಕಾನೂನು: ಕಾಡಹಂದಿ ಆಗಬಹುದು, ಕೊಚ್ಚೆ ಕೆದಕುವ ಊರಹಂದಿ ಕೂಡದು. ಆಗಬಹುದಾದದ್ದೂ ಒಳಗಿನ ಒಲೆ ಹತ್ತುವಂತಿಲ್ಲ. ಹಿತ್ತಲಲ್ಲಿ ಮೂರು ಕಲ್ಲು ಹೂಡಿ, ಅದಕ್ಕೇ ಅಂತ ಇಟ್ಟ ಪಾತ್ರೆಯಲ್ಲಿ ಬೇಯಿಸಿ, ತಿಂದು, ಮಿಂದು ಒಳಗೆ ಬರಬೇಕು. ಸೋಮವಾರ ನಂಜುಂಡೇಶ್ವರನ ದಿನ, ಶನಿವಾರ ತಿಮ್ಮಪ್ಪನ ದಿನ, ಅವೆರಡು ಮೊದಲೇ ಇಲ್ಲ. ಅಜ್ಜಿಗೆ ಅಕ್ಷರ ಬರುತ್ತಿರಲಿಲ್ಲ. ಆದರೂ ಅವಳ ಕಾನೂನು ಮನುಸ್ಮೃತಿಯಲ್ಲಿ ಹೆಚ್ಚುಕಡಿಮೆ ಹಾಗೇ ಇದೆ. ಅದರ ಐದನೇ ಅಧ್ಯಾಯ ಊರಹಂದಿಯನ್ನು ಈರುಳ್ಳಿ, ಬೆಳ್ಳುಳ್ಳಿ, ಊರಕೋಳಿಗಳ ಸಾಲಿನಲ್ಲಿ ನಿಷೇಧಿಸುತ್ತದೆ. ಮೂರನೇ ಅಧ್ಯಾಯವೋ, ಶ್ರಾದ್ಧದಲ್ಲಿ ಹಂದಿ ಮತ್ತು ಎಮ್ಮೆಯ ಮಾಂಸ ಬಡಿಸಿದರೆ ಪಿತೃಗಳು ಹತ್ತು ತಿಂಗಳು ತೃಪ್ತರಾಗಿರುತ್ತಾರೆ ಅನ್ನುತ್ತದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ಹನ್ನೆರಡನೇ ಶತಮಾನದಲ್ಲಿ ಬರೆದ ಮಾನಸೋಲ್ಲಾಸದ ಅಡುಗೆ ಭಾಗದಲ್ಲಿ ಹಂದಿಯ ಕೂದಲು ತೆಗೆದು ಸುಡುವ ವಿಧಾನವನ್ನೂ ಬರೆದಿಟ್ಟಿದ್ದಾನೆ. ಕನ್ನಡದ ದೊರೆ, ನಾಚಿಕೆಯಿಲ್ಲದೆ ಬರೆದಿದ್ದಾನೆ.

ಇದೇ ಜಿಲ್ಲೆಯಲ್ಲಿ ಹಂದಿಗೆ ಕೈಮುಗಿಯುವವರೂ ನಾವೇ. ಕೆ.ಆರ್. ಪೇಟೆ ತಾಲ್ಲೂಕಿನ ಕಲ್ಲಹಳ್ಳಿಯಲ್ಲಿ ಹೇಮಾವತಿ ದಡದ ಭೂವರಾಹಸ್ವಾಮಿಯ ಮುಂದೆ ನಿಂತರೆ ಕತ್ತೆತ್ತಿ ನೋಡಬೇಕು, ಅಷ್ಟು ಎತ್ತರ. ಮೈಸೂರು ಅರಮನೆಯ ಕೋಟೆಯೊಳಗೆ ಶ್ವೇತವರಾಹಸ್ವಾಮಿ ಇದ್ದಾನೆ. ಚಿನ್ನದ ನಾಣ್ಯಕ್ಕೇ ವರಹ ಅಂತ ಹೆಸರಿಟ್ಟು ಎಣಿಸಿದ ನಾಡು ಇದು. ಸೈಟು ಕೊಳ್ಳಬೇಕು ಅನ್ನುವವರು ಭೂವರಾಹನಿಗೆ ಹರಕೆ ಹೊತ್ತು, ವಾಪಸು ಬಂದು, ರಾತ್ರಿ ಗದ್ದೆಯಲ್ಲಿ ತಗಡು ಬಡಿದು ಅದೇ ಜಾತಿಯನ್ನು ಓಡಿಸುತ್ತಾರೆ. ನನಗೆ ಇದರಲ್ಲಿ ವಿರೋಧ ಏನೂ ಕಾಣುವುದಿಲ್ಲ. ದೇವರು ದೇವರ ಜಾಗದಲ್ಲಿ, ಕಬ್ಬು ಕಬ್ಬಿನ ಜಾಗದಲ್ಲಿ.

ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲು ಗೊತ್ತಿರಬಹುದು. ಕ್ರಿ.ಶ. 949–50ರ ಶಾಸನ, ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ಚೋಳರ ಮೇಲಿನ ತಕ್ಕೋಲದ ಯುದ್ಧ ಗೆದ್ದ ಮೇಲೆ ಗಂಗರ ದೊರೆ ಬೂತುಗ ತನ್ನ ಆಳು ಮಣಲೆರನಿಗೆ "ಏನು ಬೇಕೋ ಕೇಳು" ಅಂದಾಗ ಅವನು ಕೇಳಿದ್ದು ಕಾಳಿ ಅನ್ನುವ ಬೇಟೆನಾಯಿಯನ್ನು. ಆ ಕಾಳಿಯನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟಾಗ ಹಂದಿಯೂ ನಾಯಿಯೂ ಒಟ್ಟಿಗೇ ಸತ್ತವು. ನಾಯಿಗೆ ಕಲ್ಲು ನಿಲ್ಲಿಸಿದರು, ಪೂಜೆಗೆ ಭೂಮಿ ಬಿಟ್ಟರು, ಪೂಜೆ ಮಾಡದೆ ಉಂಡರೆ ಪಾಪ ಅಂತಲೂ ಕೊರೆಸಿದರು. ಸತ್ತ ಹಂದಿ ಏನಾಯಿತು ಅಂತ ಶಾಸನ ಹೇಳುವುದಿಲ್ಲ. ನನ್ನ ಊಹೆ ನನಗಿದೆ. ಸಾವಿರ ವರ್ಷದ ಹಿಂದೆ ನಾಯಿ ಬಿಟ್ಟು ಬೇಟೆಯಾಡುತ್ತಿದ್ದಾಗಲೂ ಈ ಸೀಮೆಯಲ್ಲಿ ಹಂದಿ ಮುಗಿದುಹೋಗಲಿಲ್ಲ ಅನ್ನುವುದಂತೂ ನಮ್ಮ ಗದ್ದೆಯಲ್ಲೇ ಕಾಣುತ್ತದೆ.

ತಿನ್ನುವವರು ಹೆಚ್ಚಿದರೆ ಹಂದಿ ಕಮ್ಮಿಯಾಗುವುದಾದರೆ ಜರ್ಮನಿಯಲ್ಲಿ ಹಂದಿಯೇ ಇರಬಾರದಿತ್ತು. ಅಲ್ಲಿ ಹಂದಿ ಮಾಂಸ ದಿನದ ಊಟ, ಬೇಟೆಗೆ ಲೈಸೆನ್ಸು ಇದೆ, 2019–20ರ ಒಂದೇ ಹಂಗಾಮಿನಲ್ಲಿ ಎಂಟು ಲಕ್ಷಕ್ಕೂ ಹೆಚ್ಚು ಕಾಡುಹಂದಿ ಹೊಡೆದರು. ಇನ್ನೂ ಹೊಡೆಯುತ್ತಲೇ ಇದ್ದಾರೆ. ಇತ್ತ ಇಸ್ರೇಲಿನ ಹೈಫಾದಲ್ಲಿ, ಗೊರಸು ಸೀಳಿದ್ದರೂ ಮೆಲುಕು ಹಾಕದ ಪ್ರಾಣಿ ಅಂತ ಯೆಹೂದಿಗಳು ಹಂದಿಯನ್ನು ನಿಷೇಧಿಸಿದ ನಾಡಿನಲ್ಲಿ, ಅವು ಹಗಲಲ್ಲೇ ಬೀದಿಯ ಕಸದ ತೊಟ್ಟಿ ಉರುಳಿಸುತ್ತವೆ. ತಿನ್ನುವ ದೇಶದಲ್ಲೂ ಹಂದಿ, ತಿನ್ನದ ದೇಶದಲ್ಲೂ ಹಂದಿ. ಎರಡೂ ಕಡೆ ಅದಕ್ಕೆ ಸಿಕ್ಕಿದ್ದು ಮೇವು: ಜರ್ಮನಿಯಲ್ಲಿ ಮುಸುಕಿನ ಜೋಳ, ಹೈಫಾದಲ್ಲಿ ತೊಟ್ಟಿ.

ನಮ್ಮಲ್ಲಿ ಕಬ್ಬು. ಕಬ್ಬು ಅಂದರೆ ಹಂದಿಗೆ ಊಟ ಮಾತ್ರವಲ್ಲ, ಮನೆ. ರಾಗಿ ನಾಲ್ಕು ತಿಂಗಳಿಗೆ ಕೊಯ್ಲಾಗಿ ಹೊಲ ಬಯಲಾಗುತ್ತದೆ. ಕಬ್ಬು ವರ್ಷವಿಡೀ ನಿಂತಿರುತ್ತದೆ, ಒಳಗೆ ನೆರಳು, ತಂಪು, ಕಾಲುವೆ ನೀರು. ಹೆಣ್ಣು ಹಂದಿ ತರಗು ಒಟ್ಟಿ ಗೂಡು ಮಾಡಿ ಅಲ್ಲೇ ಈಯುತ್ತದೆ, ನಾಲ್ಕು ತಿಂಗಳೊಳಗಿನ ಗರ್ಭ, ಒಂದು ಸೂಲಿಗೆ ಐದಾರು ಮರಿ. ಅಲ್ಲಿ ಹುಟ್ಟಿದ ಮರಿಗೆ ಮೇಲುಕೋಟೆ ಕಾಡು ಅಂದರೆ ಏನು ಅಂತಲೇ ಗೊತ್ತಿರುವುದಿಲ್ಲ. ರಾತ್ರಿ ಬುಡ ಕಡಿದು, ರಸ ಜಗಿದು, ಸಿಪ್ಪೆ ಉಗಿದು ಹೋಗುತ್ತದೆ. ಬೆಳಿಗ್ಗೆ ನೋಡಿದರೆ ಜಾತ್ರೆಯಲ್ಲಿ ಜನ ಕಬ್ಬು ತಿಂದು ಹೋದ ಹಾಗೆ.

ಅದನ್ನು ತಡೆಯಲು ನಾವು ಸೀರೆ ಕಟ್ಟುತ್ತೇವೆ, ಕ್ಷೌರದಂಗಡಿಯ ಕೂದಲು ತಂದು ಬದುವಿನ ಮೇಲೆ ಚೆಲ್ಲುತ್ತೇವೆ, ದುಡ್ಡಿದ್ದವರು ಸೋಲಾರ್ ಬೇಲಿ ಹಾಕುತ್ತಾರೆ. ಉರುಳು, ಸಿಡಿಮದ್ದು ಇಡುವವರೂ ಇದ್ದಾರೆ. ಉರುಳಿಗೆ ಚಿರತೆ ಬೀಳುತ್ತದೆ, ಮದ್ದಿಗೆ ಹಸುವಿನ ಬಾಯಿ ಸಿಡಿಯುತ್ತದೆ. ಅದನ್ನು ಕಂಡವನು ಮತ್ತೆ "ಹೊಡೆದು ತಿನ್ನಿ" ಅನ್ನುವುದಿಲ್ಲ.

ಬಾವಿಗೆ ವಾಪಸು ಬರುತ್ತೇನೆ. ಹೂತಾದ ಮೇಲೆ ಭಾಯಿಯನ್ನು ಕೇಳಿದೆ, "ತಿನ್ನಲೇಬೇಕು ಅನ್ನೋ ಗತಿ ಬಂದರೆ?" ಅವರು ಹೇಳಿದರು, ಹಸಿವಿನಿಂದ ಪ್ರಾಣ ಹೋಗುವ ಹೊತ್ತಿಗೆ ಬೇರೆ ದಾರಿಯಿಲ್ಲದೆ ತಿಂದರೆ ಪಾಪವಿಲ್ಲ ಅಂತ ಕುರಾನಿನಲ್ಲೇ ಇದೆ. ಆಮೇಲೆ ನಕ್ಕರು: "ಆದರೆ ಗೌಡ್ರೇ, ಕಬ್ಬು ಹೋದ್ರೆ ನಮಗೆ ಬರೋದು ಹಸಿವಲ್ಲ, ಸಾಲ. ಸಾಲಕ್ಕೆ ರಿಯಾಯ್ತಿ ಬರೆದಿಲ್ಲ."

ತಿನ್ನುವ ಪ್ರಶ್ನೆ ಅವರಿಗೆ ಇರಲೇ ಇಲ್ಲ, ಇದ್ದದ್ದು ನೀರಿನ ಪ್ರಶ್ನೆ. ಮಸೀದಿಯ ಮೌಲ್ವಿಗಳನ್ನು ಕೇಳಿ ಬಂದರು. ಬೇರೆ ಸಣ್ಣ ಪ್ರಾಣಿ ಬಿದ್ದಿದ್ದರೆ ಇಷ್ಟು ಕೊಡ ಅಂತ ಲೆಕ್ಕ ಇದೆಯಂತೆ, ಹಂದಿಯಾದರೆ ಬಾವಿಯ ನೀರು ಪೂರ್ತಿ ತೆಗೆಯಬೇಕು. ಇದನ್ನು ಕೇಳಿ ನಮ್ಮಮ್ಮ ತಲೆಯಾಡಿಸಿ, "ಸರಿ ಮತ್ತೆ, ನಮ್ಮ ಬಾವಿಯಾಗಿದ್ರೂ ಹಂಗೇ ಮಾಡಿಸ್ತಿದ್ದೆ, ಮೇಲೆ ಪುಣ್ಯಾಹ ಬೇರೆ" ಅಂದಳು. ಆ ವಿಷಯದಲ್ಲಿ ಮೌಲ್ವಿಗಳಿಗೂ ಅಮ್ಮನಿಗೂ ಒಂದೇ ಮತ.

ಪಂಪ್‌ಸೆಟ್ಟಿಗೆ ಕರೆಂಟು ಕೊಡುವುದು ರಾತ್ರಿ. ಎರಡು ರಾತ್ರಿ ಭಾಯಿ ಮೋಟರು ಓಡಿಸಿ ಬಾವಿ ಬರಿದು ಮಾಡಿದರು. ತೆಗೆದ ನೀರನ್ನು ತಮ್ಮ ಗದ್ದೆಗೆ ಬಿಟ್ಟುಕೊಳ್ಳಲು ಅವರಿಗೆ ಮನಸ್ಸಿಲ್ಲ. "ನಿಮ್ಮ ಕಬ್ಬಿಗೆ ಬಿಡಲಾ?" ಅಂತ ಕೇಳಿದರು. ಬೇಸಿಗೆಯಲ್ಲಿ ಪುಕ್ಕಟೆ ನೀರು, ಬೇಡ ಅನ್ನಲಾದೀತೆ? ಬಿಡಿ ಅಂದೆ.

ಮೂರನೇ ರಾತ್ರಿ ಒಂದು ಹಿಂಡೇ ಬಂತು. ಸುತ್ತ ಎಲ್ಲ ಒಣಗಿದ್ದಾಗ ನನ್ನ ಗದ್ದೆಯಲ್ಲಿ ಮಾತ್ರ ಒಳ್ಳೆ ಹದವಾದ ಕೆಸರು. ಹೊರಳಾಡಿ, ಬುಡ ಕೆದಕಿ, ಎಂಟು ಸಾಲು ಮಲಗಿಸಿ ಹೋಗಿದ್ದವು. ಬೆಳಿಗ್ಗೆ ಬದುವಿನ ಮೇಲೆ ನಿಂತು ನೋಡಿದ ಭಾಯಿ, ಅವತ್ತು ಮೊದಲ ಸಲ ಅದರ ಹೆಸರು ಹಿಡಿದೇ ಬೈದರು.