ಟ್ರೇ ಬೀಳಿಸಿದ ಶಿಷ್ಯೆ

ಆಸ್ಪತ್ರೆಯ ಔಷಧಿ ವಿಭಾಗದಲ್ಲಿ ಹದಿನಾಲ್ಕು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಈ ಕೆಲಸದಲ್ಲಿ ನಾನು ಕಲಿತ ಒಂದು ದೊಡ್ಡ ಪಾಠ ಅಗಾಥಾ ಕ್ರಿಸ್ಟಿ ಅವರಿಂದ ಬಂದದ್ದು.

ಪತ್ತೇದಾರಿ ಕಾದಂಬರಿಗಳಿಂದ ಹೆಸರಾಗುವ ಮೊದಲು ಅವರು ಮಾಡುತ್ತಿದ್ದದ್ದು ನಮ್ಮದೇ ಕೆಲಸ. ಮೊದಲ ಮಹಾಯುದ್ಧದ ಕಾಲ. ಇಂಗ್ಲೆಂಡಿನ ಟಾರ್ಕಿ ಊರಿನ ಆಸ್ಪತ್ರೆಯಲ್ಲಿ ಗಾಯಗೊಂಡ ಸೈನಿಕರನ್ನು ನೋಡಿಕೊಳ್ಳುತ್ತಿದ್ದವರು ಆಮೇಲೆ ಔಷಧಿ ಕೋಣೆಗೆ ಬಂದರು. 1917ರಲ್ಲಿ ಅದರ ಪರೀಕ್ಷೆಯನ್ನೂ ಪಾಸು ಮಾಡಿದರು. 1920ರಲ್ಲಿ ಬಂದ ಮೊದಲ ಕಾದಂಬರಿಯಲ್ಲಿ ಸ್ಟ್ರಿಕ್ನಿನ್ ಎಂಬ ವಿಷ ತುಸು ಇರುವ ಟಾನಿಕ್‌ಗೆ ಬ್ರೋಮೈಡ್ ಪುಡಿ ಸೇರುತ್ತದೆ, ವಿಷವೆಲ್ಲ ಬಾಟಲಿಯ ತಳಕ್ಕೆ ಕೂರುತ್ತದೆ, ಕೊನೆಯ ಡೋಸ್ ಕೊಲ್ಲುತ್ತದೆ. ಔಷಧಿ ಕಲಸಿದ ಕೈಗೇ ಹೊಳೆಯುವ ಉಪಾಯ ಅದು.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಅವರ ಆತ್ಮಕಥೆಯ ಒಂದು ಪ್ರಸಂಗ. ಪರೀಕ್ಷೆಗೆ ಓದುವಾಗ ಊರಿನ ಒಬ್ಬ ಅನುಭವಿ ಫಾರ್ಮಸಿಸ್ಟ್ ಹತ್ತಿರ ಪಾಠಕ್ಕೆ ಹೋಗುತ್ತಿದ್ದರು. ಜೇಬಿನಲ್ಲಿ ಕ್ಯುರಾರೆ ವಿಷದ ತುಂಡು ಇಟ್ಟುಕೊಂಡು ಓಡಾಡುತ್ತಿದ್ದ ಮನುಷ್ಯ. ಒಂದು ದಿನ ಆ ಗುರು ಸಪೊಸಿಟರಿ (ಗುದದ್ವಾರದಲ್ಲಿ ಇಡುವ ಔಷಧಿ) ಮಾಡುವಾಗ ಲೆಕ್ಕದಲ್ಲಿ ದಶಮಾಂಶದ ಪಾಯಿಂಟ್ ಒಂದು ಸ್ಥಾನ ಆಚೀಚೆ ಆಯಿತು. ಔಷಧಿ ಹತ್ತು ಪಟ್ಟು ಜಾಸ್ತಿ! ಶಿಷ್ಯೆಗೆ ಅದು ಕಂಡಿತು. ಗುರುವಿಗೆ ತಪ್ಪಾಗಿದೆ ಅಂತ ಹೇಳುವುದು ಹೇಗೆ? ಎಡವಿದವರ ಹಾಗೆ ಟ್ರೇ ಬೀಳಿಸಿ, ಬಿದ್ದದ್ದನ್ನೆಲ್ಲ ತುಳಿದುಬಿಟ್ಟರು.

ಓದಿದಾಗ ಎದೆ ಝಲ್ಲೆಂದಿತು. ಯಾಕೆಂದರೆ ಅದಕ್ಕೆ ಕೆಲವೇ ತಿಂಗಳ ಹಿಂದೆ ಒಂದು ಮಗುವಿನ ಸಿರಪ್‌ಗೆ ನಾನು 2.5 ಎಂಎಲ್ ಬದಲು 25 ಎಂಎಲ್ ಅಂತ ಲೇಬಲ್ ತೆಗೆದಿದ್ದೆ. ಕೆಲಸಕ್ಕೆ ಸೇರಿ ವಾರವಾಗಿದ್ದ ಹುಡುಗಿ ಬಾಟಲಿ ಹಿಡಿದು ನಿಂತಿದ್ದಳು. "ಸರ್, ಲೇಬಲ್ ಸರಿಯಾಗಿ ಅಂಟ್ತಾ ಇಲ್ಲ. ಇನ್ನೊಂದು ಪ್ರಿಂಟ್ ಕೊಡ್ತೀರಾ?" ಅಂದಳು. ಮತ್ತೆ ಚೀಟಿ ನೋಡಿದಾಗ ನನಗೇ ತಪ್ಪು ಕಂಡಿತು. ಅಂಟು ಚೆನ್ನಾಗಿಯೇ ಇತ್ತು.

ಆವತ್ತು ಸುಮ್ನೆ ಬೇರೆ ಲೇಬಲ್ ಕೊಟ್ಟು ಮುಂದೆ ಹೋಗಿದ್ದೆ. ಪುಸ್ತಕ ಓದಿದ ಮೇಲೆ ಅವಳನ್ನು ಕರೆದು ಕೇಳಿದೆ, ನೇರವಾಗಿ ಯಾಕೆ ಹೇಳಲಿಲ್ಲ ಅಂತ. "ನೀವು ಸೀನಿಯರ್ ಅಲ್ವಾ ಸರ್" ಅಂದಳು. ಅವಳಿಗೆ ಬಾಯಿ ಬಿಟ್ಟು ಹೇಳಲು ಆಗದಂಥ ವಾತಾವರಣ ಇಟ್ಟಿದ್ದವನು ನಾನು. ಆ ಮಗುವಿನ ಕ್ಷೇಮ ಒಂದು ನೆಪದ ಮೇಲೆ ನಿಂತಿತ್ತು.

ಈಗ ನಮ್ಮಲ್ಲಿ 0.5 ಅಂತ ಮುಂದೆ ಸೊನ್ನೆ ಹಾಕಿಯೇ ಬರೆಯುತ್ತೇವೆ. 5.0 ಅಂತ ಬರೆಯುವುದೇ ಇಲ್ಲ, ಪಾಯಿಂಟ್ ಮಾಸಿದರೆ 50 ಆಗುತ್ತದೆ. ಮಕ್ಕಳ ಔಷಧಿಯ ಪ್ರಮಾಣವನ್ನು ನಮ್ಮಲ್ಲಿ ಎಲ್ಲರಿಗಿಂತ ಹೊಸಬರಾದವರು ಗಟ್ಟಿಯಾಗಿ ಓದುತ್ತಾರೆ. ಚೀಟಿಗೂ ಲೇಬಲ್‌ಗೂ ತಾಳೆ ಆಗದಿದ್ದರೆ ಕಾರಣ ಕೊಡಬೇಕಿಲ್ಲ, "ಪಾಯಿಂಟ್" ಅಂದರೆ ಸಾಕು. ಎಲ್ಲರೂ ಕೈ ನಿಲ್ಲಿಸುತ್ತೇವೆ.

ಹೋದ ತಿಂಗಳು ಅದೇ ಹುಡುಗಿ ಕೌಂಟರಿನ ಆ ತುದಿಯಿಂದ ಕೂಗಿದಳು: "ಸರ್, ಪಾಯಿಂಟ್!"