ಟ್ರಂಪೆಟ್ ಉಸಿರೆಳೆದುಕೊಂಡ ಜಾಗ

ಕ್ರೀಡಾ ವಾಹಿನಿಯೊಂದು ಅಥ್ಲೆಟಿಕ್ಸ್ ನೇರಪ್ರಸಾರಕ್ಕಾಗಿ 30 ಸೆಕೆಂಡಿನ ಶೀರ್ಷಿಕೆ ಸಂಗೀತ ಕೇಳಿದಾಗ, ನಾನು ಅದನ್ನು ಎರಡು ರಾತ್ರಿಗಳಲ್ಲಿ ಕಂಪ್ಯೂಟರಿನ ಮುಂದೆ ಕುಳಿತೇ ಮುಗಿಸಿದ್ದೆ. ನಿಮಿಷಕ್ಕೆ 120 ಬಡಿತ, ನಾಲ್ಕು ಬಡಿತಕ್ಕೊಂದು ಬಾರ್ (ತಾಳದ ಒಂದು ಸುತ್ತು), ಒಟ್ಟು 15 ಬಾರ್. ಮೊದಲ ಎರಡು ಬಾರುಗಳಲ್ಲಿ ಟಿಂಪನಿ ಎಂಬ ದೊಡ್ಡ ನಗಾರಿಯ ಗುಡುಗು. ಅಲ್ಲಿಂದ ಕೊನೆಯವರೆಗೂ ಬಿಡುವಿಲ್ಲದ ಟ್ರಂಪೆಟ್. ವಾಹಿನಿಯವರು ಮೆಚ್ಚಿದರು, ಲೋಹವಾದ್ಯಗಳನ್ನು ಮಾತ್ರ ನಿಜವಾದ ವಾದಕರಿಂದಲೇ ನುಡಿಸಬೇಕೆಂದರು.

ಧ್ವನಿಮುದ್ರಣದ ದಿನ ಮೂವರು ಟ್ರಂಪೆಟ್ ವಾದಕರು, ನಾಲ್ವರು ಹಾರ್ನ್ ವಾದಕರು, ಇಬ್ಬರು ಟ್ರಾಂಬೋನಿನವರು ಬಂದಿದ್ದರು. ಮುಖ್ಯ ಟ್ರಂಪೆಟ್ ವಾದಕರು ನನಗಿಂತ ಬಹಳ ಹಿರಿಯರು. ಸ್ವರಲಿಪಿಯ ಮೇಲೆ ಪೆನ್ಸಿಲ್ ಆಡಿಸುತ್ತಾ ಕೊನೆಯವರೆಗೆ ಓದಿ, "ಸ್ವಾಮಿ, ಇದರಲ್ಲಿ ನಾನು ಉಸಿರಾಡುವುದು ಎಲ್ಲಿ?" ಎಂದು ಕೇಳಿದರು. ಲೆಕ್ಕ ಹಾಕಿದೆ: 13 ಬಾರ್, ಅಂದರೆ 26 ಸೆಕೆಂಡ್, ಅದೂ ತಾರಸ್ಥಾಯಿಯಲ್ಲಿ. ಕಂಪ್ಯೂಟರಿನ ಟ್ರಂಪೆಟ್ಟಿಗೆ ಶ್ವಾಸಕೋಶವೂ ಇಲ್ಲ, ದಣಿಯುವ ತುಟಿಯೂ ಇಲ್ಲ ಎಂಬುದು ನನಗೆ ಹೊಳೆದೇ ಇರಲಿಲ್ಲ. ಮೂವರೂ ಸರದಿಯ ಮೇಲೆ ಉಸಿರೆಳೆದುಕೊಳ್ಳಲಿ ಎಂದೆ. ಅವರು ಹಾಗೆಯೇ ನುಡಿಸಿದರು. ಒಂದು ತಪ್ಪೂ ಇರಲಿಲ್ಲ, ಆದರೆ ಕೇಳುವುದಕ್ಕೆ ಗೋಡೆಯಂತೆ ಚಪ್ಪಟೆಯಾಗಿತ್ತು.

ಗೆಲುವೆಂದರೆ ನಮಗೆ ಟ್ರಂಪೆಟ್ಟೇ ಏಕೆ ನೆನಪಾಗುತ್ತದೆ ಎಂಬುದಕ್ಕೆ ವಾದ್ಯದ ರಚನೆಯಲ್ಲೇ ಒಂದು ಕಾರಣವಿದೆ. ಸ್ವರ ಬದಲಿಸಲು ಬೆರಳಿನಿಂದ ಒತ್ತುವ ಕವಾಟಗಳಿಲ್ಲದ ಹಳೆಯ ಟ್ರಂಪೆಟ್ಟಿನಲ್ಲಿ ಕೊಳವೆಯ ಸಹಜ ಅನುಸ್ವರಗಳಷ್ಟೇ, ಅಂದರೆ ಊದಿದಾಗ ಕೊಳವೆ ತಾನಾಗಿ ಕೊಡುವ ಕೆಲವು ಸ್ವರಗಳಷ್ಟೇ, ಹುಟ್ಟುತ್ತಿದ್ದವು. ಕೆಳಸ್ಥಾಯಿಯಲ್ಲಿ ಷಡ್ಜದಿಂದ ಪಂಚಮಕ್ಕೆ, ಅಲ್ಲಿಂದ ಮೇಲಿನ ಷಡ್ಜಕ್ಕೆ ಹಾರುವುದೇ ಅದಕ್ಕೆ ಸಾಧ್ಯವಿದ್ದ ನಡೆ. ಅರಮನೆಯ ಘೋಷಣೆಗೂ ಸೈನ್ಯದ ಕರೆಗೂ ಶತಮಾನಗಳ ಕಾಲ ಬಳಕೆಯಾದ ಆ ಜಿಗಿತವೇ ಇಂದಿನ ಕ್ರೀಡಾ ಸಂಗೀತದಲ್ಲೂ ಉಳಿದಿದೆ. ನಾನೂ ಅದನ್ನೇ ಬಳಸಿದ್ದೆ. ಮರೆತದ್ದು ಅದರ ಹಿಂದಿನ ಕಾಯುವಿಕೆಯನ್ನು. 1727ರಲ್ಲಿ ಬ್ರಿಟನ್ನಿನ ದೊರೆ ಎರಡನೆಯ ಜಾರ್ಜನ ಪಟ್ಟಾಭಿಷೇಕಕ್ಕೆ ಸಂಗೀತಕಾರ ಹ್ಯಾಂಡೆಲ್ ರಚಿಸಿದ 'ಜ಼ೇಡಾಕ್ ದ ಪ್ರೀಸ್ಟ್' ಎಂಬ ವೃಂದಗಾನದಲ್ಲಿ 22 ಬಾರುಗಳಷ್ಟು ಕಾಲ ತಂತಿವಾದ್ಯಗಳು ಮೆಲ್ಲಗೆ ಏರುತ್ತಲೇ ಇರುತ್ತವೆ. ಗಾಯಕವೃಂದ ಸ್ಫೋಟಿಸುವುದು ಆಮೇಲೆ. 1992ರಲ್ಲಿ ಸಂಗೀತಕಾರ ಟೋನಿ ಬ್ರಿಟನ್ ಯುರೋಪಿನ ಚಾಂಪಿಯನ್ಸ್ ಲೀಗ್ ಫುಟ್‌ಬಾಲಿನ ಗೀತೆಗೆ ಆಧಾರವಾಗಿ ತೆಗೆದುಕೊಂಡದ್ದು ಇದೇ ಕೃತಿಯನ್ನು. 30 ಸೆಕೆಂಡಿನಲ್ಲಿ ಅಷ್ಟು ಕಾಯಿಸುವಂತಿಲ್ಲ, ನಿಜ. ಆದರೆ ಟ್ರಂಪೆಟ್ ಒಮ್ಮೆ ಶುರುವಾದ ಮೇಲೆ ನಾನು ಒಂದು ಸೆಕೆಂಡನ್ನೂ ಕಾಯಿಸಿರಲಿಲ್ಲ.

ಎಂಟನೆಯ ಬಾರಿನ ಕೊನೆಯ ಎರಡು ಬಡಿತಗಳನ್ನು ಅಳಿಸಿದೆ. ಹಿನ್ನೆಲೆಯಲ್ಲಿದ್ದ ತಂತಿವಾದ್ಯಗಳನ್ನೂ ಅಲ್ಲಿ ನಿಲ್ಲಿಸಿ, ಟಿಂಪನಿಯ ಸಣ್ಣ ಮೊರೆತವನ್ನು ಮಾತ್ರ ಉಳಿಸಿದೆ. ಹಿರಿಯರು ವಾದ್ಯವನ್ನು ತುಟಿಯಿಂದ ತುಸು ಸರಿಸಿ, ಭುಜವೇರಿಸದೆ ಹೊಟ್ಟೆ ತುಂಬ ಉಸಿರೆಳೆದುಕೊಂಡು, ತಾರಷಡ್ಜವನ್ನು ಹಿಡಿದರು. ಆ ಉಸಿರಿನ ಸದ್ದು ಮೈಕಿನಲ್ಲೂ ದಾಖಲಾಯಿತು. ತಂತ್ರಜ್ಞರು ಅದನ್ನು ಕತ್ತರಿಸಲು ಹೊರಟಾಗ ನಾನೇ ಬೇಡವೆಂದೆ.

ಪ್ರಸಾರದ ದಿನ ನಿರ್ದೇಶಕರು ಸಂಗೀತದ ಅಡಿಯಲ್ಲಿ ಕ್ರೀಡಾಂಗಣದ ಸಹಜ ಧ್ವನಿಯನ್ನೂ ತೆರೆದಿಟ್ಟಿದ್ದರು. ಆ ಒಂದು ಸೆಕೆಂಡಿನಲ್ಲಿ ಜನರ ಹೋ ಎಂಬ ಕೂಗು ಒಮ್ಮೆಲೇ ಮೇಲೆದ್ದಿತು. ಟ್ರಂಪೆಟ್ ಅದರ ಮೇಲೆಯೇ ಹತ್ತಿ ಬಂದಂತೆ ಕೇಳಿಸಿತು. ಇದನ್ನು ನಾನು ಯೋಜಿಸಿರಲಿಲ್ಲ, ಶ್ಲಾಘನೆ ಮಾತ್ರ ನನಗೇ ಸಂದಿತು.

ಜಾಹೀರಾತಿನಿಂದ ಮರಳುವಾಗ ಬರುವ 5 ಸೆಕೆಂಡಿನ ತುಣುಕು ಬರೀ ಎರಡೂವರೆ ಬಾರಿನದು. ಅದರಲ್ಲಿ ವಿರಾಮಕ್ಕೆ ಜಾಗ ಸಿಗಲಿಲ್ಲ. ದಿನವಿಡೀ ಹೆಚ್ಚು ಬಾರಿ ಕೇಳಿಸಿದ್ದು ಅದೇ, ಮತ್ತು ಪ್ರತಿ ಸಲವೂ ನನಗೆ ಆ ಎರಡು ರಾತ್ರಿಗಳ ಕಂಪ್ಯೂಟರ್ ಟ್ರಂಪೆಟ್ಟೇ ಕೇಳಿಸುತ್ತಿತ್ತು.