ಮೂರನೇ ಕಾಲ ಬರುವ ಹುಡುಗಿ ಬಿಗಿನರ್ಸ್ ಬ್ಯಾಚಿನಲ್ಲಿ

ಮಗಳಿಗೆ 11 ವರ್ಷ. ಮೈಸೂರಿನಲ್ಲಿದ್ದಾಗ ಒಂದನೇ ಕ್ಲಾಸಿನಿಂದಲೇ ಭರತನಾಟ್ಯಕ್ಕೆ ಹೋಗುತ್ತಿದ್ದಳು. ಅಡವು, ಅಂದರೆ ಮೂಲ ಹೆಜ್ಜೆಗಳು ಮುಗಿದು, ಮೊದಲ ನೃತ್ಯವಾದ ಅಲರಿಪು ಆಗಿ, ಅದರ ಮುಂದಿನ ಜತಿಸ್ವರ ಅರ್ಧಕ್ಕೆ ಬಂದಿತ್ತು. ಅಷ್ಟರಲ್ಲಿ ನನಗೆ ಬೆಂಗಳೂರಿಗೆ ಟ್ರಾನ್ಸ್‌ಫರ್ ಆಯಿತು. ಮನೆ, ಸ್ಕೂಲು, ಗ್ಯಾಸ್ ಕನೆಕ್ಷನ್ ಎಲ್ಲ ಒಂದು ಹದಕ್ಕೆ ಬಂದ ಮೇಲೆ ಡ್ಯಾನ್ಸ್ ಕ್ಲಾಸ್ ಹುಡುಕಿದೆವು. ಬನಶಂಕರಿ ಕಡೆ ನಮ್ಮ ಮನೆ. ಹತ್ತಿರದಲ್ಲೇ ಒಂದು ಕ್ಲಾಸ್ ಸಿಕ್ಕಿತು. ಒಳ್ಳೆಯ ಹೆಸರಿದೆ, ರಂಗಪ್ರವೇಶಗಳು ಆಗುತ್ತಿರುತ್ತವೆ. ಯಾವ ಕ್ಲಾಸ್ ಅಂತ ಬರೆಯುವುದಿಲ್ಲ. ಮಗಳು ಇನ್ನೂ ಅಲ್ಲಿಗೇ ಹೋಗುತ್ತಿದ್ದಾಳೆ. ಅದೂ ಅಲ್ಲದೆ ಇದು ಒಂದೇ ಕ್ಲಾಸಿನ ಕಥೆ ಅಂತ ನನಗೆ ಅನ್ನಿಸುವುದಿಲ್ಲ.

ಸೇರಿಸಿದ ವಾರ "ಲೆವೆಲ್ ನೋಡ್ತೀವಿ, ಶನಿವಾರ ಕಳಿಸಿ" ಅಂದರು. ನೋಡಿದ್ದು ಮೇಡಂ ಅಲ್ಲ. ಅವರ ಸೀನಿಯರ್ ಸ್ಟೂಡೆಂಟ್ ಒಬ್ಬಳು, ಕಾಲೇಜು ಹುಡುಗಿ, ಮಕ್ಕಳೆಲ್ಲ ಅಕ್ಕ ಅನ್ನುತ್ತಾರೆ. ಪಾಪ, ಆ ಹುಡುಗಿ ಮೇಲೆ ನನಗೆ ಸಿಟ್ಟಿಲ್ಲ. ಒಂದು ಕಡೆ ಚಿಕ್ಕ ಮಕ್ಕಳಿಗೆ "ತೈಯ್ಯಾ ತೈ" ಹೇಳಿಕೊಡುತ್ತಾ, ಇನ್ನೊಂದು ಕಡೆ ನನ್ನ ಮಗಳನ್ನು ನೋಡಬೇಕಿತ್ತು. ತಟ್ಟಡವು ಮಾಡು ಅಂದಳು, ಮಾಡಿದಳು. ನಾಟಡವು ಮಾಡು ಅಂದಳು, ಮಾಡಿದಳು. ಎರಡೂ ಮೊದಲನೇ ಕಾಲದಲ್ಲಿ, ಅಂದರೆ ನಿಧಾನದ ವೇಗದಲ್ಲಿ ಮಾತ್ರ. ಎರಡನೇ ಕಾಲ, ಮೂರನೇ ಕಾಲ ಅಂದರೆ ಒಂದಕ್ಕಿಂತ ಒಂದು ಜೋರು. ಆಮೇಲೆ "ಕುದಿತ್ತಮೆಟ್ಟು" ಅಂದಳು. ಮಗಳು ಪಿಳಿಪಿಳಿ ನೋಡಿದಳು. ಮೈಸೂರಿನ ಕ್ಲಾಸಿನಲ್ಲಿ ಆ ಅಡವನ್ನು ಸೊಲ್ಲಿನಿಂದಲೇ, ಅಂದರೆ ಬಾಯಲ್ಲಿ ಹೇಳುವ ತಾಳದ ಅಕ್ಷರಗಳಿಂದಲೇ ಕರೆಯುತ್ತಿದ್ದರು. "ತೈ ಹತ್ ತೈ ಹಿ" ಅಂದಿದ್ದರೆ ಹಾರಿ ಕುಣಿಯುತ್ತಿದ್ದಳು. ಅಕ್ಕ ಪುಸ್ತಕದಲ್ಲಿ ಏನೋ ಬರೆದುಕೊಂಡಳು, ಟೆಸ್ಟ್ ಮುಗಿಯಿತು. ನಾನು ಬಾಗಿಲಲ್ಲಿ ಚಪ್ಪಲಿಗಳ ಮಧ್ಯೆ ನಿಂತಿದ್ದೆ. ಬಾಯಿ ಹಾಕಬಾರದು ಅಂತ ಸುಮ್ನಿದ್ದೆ.

ಮರುದಿನ ಗ್ರೂಪಿನಲ್ಲಿ ಪಟ್ಟಿ ಬಂತು. ನನ್ನ ಮಗಳು ಬಿಗಿನರ್ಸ್. ಭಾನುವಾರ ಬೆಳಿಗ್ಗೆ 8 ಗಂಟೆ. ಜೊತೆಯಲ್ಲಿ ಯುಕೆಜಿ, ಒಂದನೇ ಕ್ಲಾಸಿನ ಮಕ್ಕಳು.

ಡ್ಯಾನ್ಸ್ ಕ್ಲಾಸಿಗೆ ಮಕ್ಕಳನ್ನು ಕಳಿಸದವರಿಗೆ ಇದರಲ್ಲಿ ಅಂಥದ್ದೇನಿದೆ ಅನ್ನಿಸಬಹುದು. ಬುನಾದಿ ಗಟ್ಟಿಯಾಗಲಿ ಬಿಡಿ ಅನ್ನುತ್ತಾರೆ. ನಮ್ಮ ಮನೆಯವರೂ ಅದನ್ನೇ ಅಂದರು. ಆದರೆ ಈ ಕ್ಲಾಸುಗಳು ಒಳಗೆ ಹೇಗೆ ನಡೆಯುತ್ತವೆ ಅಂತ ನೋಡಬೇಕು. ಬಿಗಿನರ್ಸ್ ಮತ್ತು ಅಡವು ಬ್ಯಾಚ್‌ಗಳನ್ನು ನಡೆಸುವುದು ಅಕ್ಕಂದಿರು. ಮೇಡಂ ಕೂತು ಕಲಿಸುವುದು ಎಕ್ಸಾಂ ಬ್ಯಾಚಿಗೆ ಮತ್ತು ಪೂರ್ತಿ ನೃತ್ಯಗಳನ್ನು ಕಲಿಯುವ ಐಟಂ ಬ್ಯಾಚಿಗೆ. ಅಂದರೆ ನಿಮ್ಮ ಮಗು ಯಾವ ಬ್ಯಾಚಿನಲ್ಲಿದೆ ಅನ್ನುವುದರ ಮೇಲೆ ಗುರುಗಳ ಕಣ್ಣಿಗೆ ಬೀಳುತ್ತದೋ ಇಲ್ಲವೋ ಅನ್ನುವುದು ತೀರ್ಮಾನವಾಗುತ್ತದೆ. ಗುರುಗಳ ಕಣ್ಣಿಗೆ ಬೀಳದ ಮಗು ಮೇಲಿನ ಬ್ಯಾಚಿಗೆ ಹೋಗುವುದು ಹೇಗೆ? ಫೀಸು ಮಾತ್ರ ಎಲ್ಲ ಬ್ಯಾಚಿಗೂ ಒಂದೇ. ಮೂರು ತಿಂಗಳದ್ದು ಮುಂಗಡ, ವಾಪಸ್ ಇಲ್ಲ ಅಂತ ರಸೀದಿಯ ಕೆಳಗೆ ಪುಟ್ಟ ಅಕ್ಷರದಲ್ಲಿ ಇದೆ.

ಇನ್ನು ಪರೀಕ್ಷೆ. ನಮ್ಮ ರಾಜ್ಯದಲ್ಲಿ ನೃತ್ಯಕ್ಕೆ ಜೂನಿಯರ್, ಸೀನಿಯರ್, ವಿದ್ವತ್ ಅಂತ ಸರ್ಕಾರಿ ಪರೀಕ್ಷೆಗಳಿವೆ. ನಾನು ಹಾಸನದಲ್ಲಿ ಓದುವಾಗ ಜೂನಿಯರ್ ಮುಗಿಸಿದವಳು. ಆಗ ಶಾಲಾ ಪರೀಕ್ಷೆ ಮಾಡುವ ಮಂಡಳಿಯೇ ಇದನ್ನೂ ಮಾಡುತ್ತಿತ್ತು. ಬರೆಯುವ ಪೇಪರ್ ಬೇರೆ, ಕುಣಿಯುವುದು ಬೇರೆ. ಒಂದೇ ಕೈಯ ಮುದ್ರೆಗಳು, ಅಂದರೆ ಅಸಂಯುತ ಹಸ್ತ 28, ತಲೆಯ ಚಲನೆ ಶಿರೋಭೇದ 9, ಕಣ್ಣಿನದು ದೃಷ್ಟಿಭೇದ 8, ಕತ್ತಿನದು ಗ್ರೀವಾಭೇದ 4. ರಾಗವಾಗಿ ಹೇಳಿಕೊಂಡು ಕಂಠಪಾಠ ಮಾಡಿದ್ದು ಈಗಲೂ ಅಡುಗೆ ಮಾಡುವಾಗ ಬಾಯಿಗೆ ಬರುತ್ತದೆ, ಪತಾಕ ತ್ರಿಪತಾಕ ಅರ್ಧಪತಾಕ ಕರ್ತರೀಮುಖ ಅಂತ. ಮದುವೆ, ಕೆಲಸ ಅಂತ ಸೀನಿಯರ್ ಕಟ್ಟಲೇ ಇಲ್ಲ, ಅದು ಬೇರೆ ಮಾತು. ಈ ಕ್ಲಾಸಿನಲ್ಲಿ ಬಿಗಿನರ್ಸ್‌ಗೆ ಸೇರಿದ ಮಗು ಜೂನಿಯರ್ ಕಟ್ಟುವ ಹೊತ್ತಿಗೆ ನಾಲ್ಕೈದು ವರ್ಷ ಆಗುತ್ತದೆ ಅಂತ ಅಲ್ಲಿನ ಅಮ್ಮಂದಿರೇ ಹೇಳಿದರು. ಅಷ್ಟು ಹೊತ್ತಿಗೆ ನಮ್ಮವಳು ಎಸ್ಸೆಸ್ಸೆಲ್ಸಿ. ಎಸ್ಸೆಸ್ಸೆಲ್ಸಿಯಲ್ಲಿ ಗೆಜ್ಜೆ ಅಟ್ಟಕ್ಕೆ ಹೋಗುವುದನ್ನು ಎಷ್ಟು ಮನೆಗಳಲ್ಲಿ ನೋಡಿಲ್ಲ ನಾವು!

ಮಗಳ ಅರೆಮಂಡಿ, ಅಂದರೆ ಮಂಡಿ ಮಡಿಸಿ ಅರ್ಧ ಕೂರುವ ಭಂಗಿ, ಚೆನ್ನಾಗಿಲ್ಲ. ಇದನ್ನು ನಾನು ಮೊದಲಿನಿಂದಲೂ ಹೇಳುತ್ತಿದ್ದೇನೆ. ಕೂತಾಗ ಮಂಡಿ ಪಕ್ಕಕ್ಕೆ ತೆರೆದುಕೊಳ್ಳಬೇಕು, ಪಾದದ ಬೆರಳು ಯಾವ ದಿಕ್ಕಿಗಿದೆಯೋ ಮಂಡಿಯೂ ಅದೇ ದಿಕ್ಕಿಗಿರಬೇಕು. ಇವಳದ್ದು ಎಡಮಂಡಿ ಮುಂದಕ್ಕೆ ಬರುತ್ತದೆ. ಅದನ್ನು ತಿದ್ದದೆ ವರ್ಣ ಅನ್ನುವ ದೊಡ್ಡ ನೃತ್ಯದವರೆಗೆ ಓಡಿಸಿದರೆ ಇಪ್ಪತ್ತು ವರ್ಷಕ್ಕೆ ಮಂಡಿನೋವು ಶುರು. ಅದಕ್ಕಾಗಿ ಅಡವಿಗೆ ವಾಪಸ್ ಹೋಗಬೇಕು ಅಂದರೆ ನನ್ನದೇನೂ ತಕರಾರಿಲ್ಲ. ಬಾನಿ, ಅಂದರೆ ಶೈಲಿ ಬೇರೆ ಅನ್ನುವುದೂ ಸರಿ. ಮೈಸೂರಿನ ಟೀಚರ್ ಅಭಿನಯಕ್ಕೆ ಜಾಸ್ತಿ ಒತ್ತು ಕೊಡುತ್ತಿದ್ದರು. ಜಟ್ಟಿ ತಾಯಮ್ಮ, ವೆಂಕಟಲಕ್ಷಮ್ಮನಂಥ ಹಳೆಯ ಕಾಲದ ದೊಡ್ಡ ನರ್ತಕಿಯರು ಇದ್ದ ಊರು, ಅಲ್ಲಿ ಅಭಿನಯಕ್ಕೆ ಇರುವ ಮರ್ಯಾದೆಯೇ ಬೇರೆ. ಇಲ್ಲಿನದು ಚೆನ್ನೈನ ನೃತ್ಯಶಾಲೆ ಕಲಾಕ್ಷೇತ್ರದ ರೀತಿ. ಕೈ ಗೆರೆ ಎಳೆದ ಹಾಗಿರಬೇಕು, ಮೊಣಕೈ ಒಂದಿಷ್ಟೂ ಇಳಿಯಬಾರದು. ತಿದ್ದಿಕೊಳ್ಳುವುದು ಇದೆ.

ಆದರೆ ತಿದ್ದಿಕೊಳ್ಳುವುದಕ್ಕೂ ಮೊದಲಿನಿಂದ ಕಲಿಯುವುದಕ್ಕೂ ವ್ಯತ್ಯಾಸ ಇಲ್ವಾ? ಯುಕೆಜಿ ಮಕ್ಕಳ ಬ್ಯಾಚಿನಲ್ಲಿ ಅರ್ಧ ಸಮಯ ಸಾಲು ನಿಲ್ಲಿಸುವುದಕ್ಕೆ ಹೋಗುತ್ತದೆ. ಒಬ್ಬಳಿಗೆ ನೀರು ಬೇಕು, ಇನ್ನೊಬ್ಬಳಿಗೆ ಬಾತ್ರೂಮು. ಮಿಕ್ಕ ಸಮಯದಲ್ಲಿ ಎಲ್ಲರಿಗೂ ಮೊದಲನೇ ಕಾಲದಲ್ಲಿ ತಟ್ಟಡವು. ಅಲ್ಲಿ ನನ್ನ ಮಗಳ ಎಡಮಂಡಿ ನೋಡುವವರು ಯಾರು? ಎರಡನೇ ಭಾನುವಾರವೇ ಅವಳನ್ನು ಮುಂದೆ ನಿಲ್ಲಿಸಿ "ಈ ಅಕ್ಕನ್ನ ನೋಡಿ ಮಾಡಿ" ಅಂತ ಮಕ್ಕಳಿಗೆ ಹೇಳಿದರಂತೆ. ಮನೆಗೆ ಬಂದು, "ಅಮ್ಮಾ, ನಾನು ಕಲಿಯೋಕೆ ಹೋಗಿದ್ದಾ ಕಲಿಸೋಕೆ ಹೋಗಿದ್ದಾ?" ಅಂದಳು. ಉತ್ತರ ನನ್ನ ಹತ್ತಿರ ಇರಲಿಲ್ಲ.

ಮೇಡಂಗೆ ಮೆಸೇಜ್ ಮಾಡಿದೆ. ಬ್ಯಾಚ್ ಬದಲಾಯಿಸಿ ಅಂತ ಕೇಳಲಿಲ್ಲ. ಅವಳಲ್ಲಿ ಯಾವುದು ಸರಿಯಿಲ್ಲ ಅಂತ ನೋಡಿದಿರಿ, ಯಾವುದು ಸರಿಯಾದರೆ ಮೇಲಿನ ಬ್ಯಾಚಿಗೆ ಹಾಕುತ್ತೀರಿ, ಅಷ್ಟು ತಿಳಿಸಿ ಮೇಡಂ, ಮನೆಯಲ್ಲಿ ಅಭ್ಯಾಸ ಮಾಡಿಸುತ್ತೇನೆ ಅಂತ ಬರೆದೆ. ಎರಡು ನೀಲಿ ಟಿಕ್ ಬಿತ್ತು. ಉತ್ತರ ಬಂದಿದ್ದು ರಾತ್ರಿ. "ಕಲೆಯಲ್ಲಿ ಆತುರ ಇರಬಾರದು. ಗುರುವಿನ ಮೇಲೆ ನಂಬಿಕೆ ಇಡಿ." ಕೊನೆಯಲ್ಲಿ ಕೈಮುಗಿದ ಎಮೋಜಿ.

ಈ ಉತ್ತರ ನೋಡಿ ನನಗೆ ನಿಜವಾಗಿಯೂ ಉರಿಯಿತು. ನಾನು ಕೇಳಿದ್ದು ಮಂಡಿಯ ಬಗ್ಗೆ, ಅವರು ಕೊಟ್ಟಿದ್ದು ಉಪದೇಶ. ಸ್ಕೂಲಿನಲ್ಲಿ ಮಗು ಗಣಿತದಲ್ಲಿ ಹಿಂದೆ ಬಿದ್ದರೆ ಭಾಗಾಕಾರ ಬರುತ್ತಿಲ್ಲ ಅಂತ ಹೇಳುತ್ತಾರಲ್ವಾ? ಇಲ್ಲಿ ಕೇಳಿದರೆ ಮಾತ್ರ ಗುರುಭಕ್ತಿ ಸಾಲದು ಅನ್ನುವ ಹಾಗೆ. ಗುರುಗಳಿಗೆ ಮರ್ಯಾದೆ ಕೊಡುವುದು ನನಗೂ ಗೊತ್ತು. ನನ್ನ ಟೀಚರ್ ಹಾಸನದಲ್ಲಿ ಎದುರು ಸಿಕ್ಕರೆ ಈಗಲೂ ರಸ್ತೆಯಲ್ಲೇ ಕಾಲಿಗೆ ಬೀಳುತ್ತೇನೆ. ಅವರು ಮಾತ್ರ ನಮ್ಮ ಕಾಲು ತಪ್ಪಿದರೆ ಎಲ್ಲಿ ತಪ್ಪಿತು ಅಂತ ಹೇಳುತ್ತಿದ್ದರು, ತಾಳ ಹಾಕುವ ತಟ್ಟುಕೋಲಿನಲ್ಲಿ ತೋರಿಸಿಯೇ ಹೇಳುತ್ತಿದ್ದರು.

ಕ್ಲಾಸಿನ ಹೊರಗೆ ಮೆಟ್ಟಿಲ ಮೇಲೆ ಕೂರುವ ಅಮ್ಮಂದಿರ ಜೊತೆ ಮಾತಾಡಿದೆ. ಒಬ್ಬರು, "ಬೇಡ ಕಣ್ರೀ, ಆಮೇಲೆ ಮಗುನ ಹಿಂದಿನ ಸಾಲಿಗೆ ಹಾಕ್ತಾರೆ" ಅಂದರು. ಇನ್ನೊಬ್ಬರು ಮೆಲ್ಲಗೆ, ಆನ್ಯುಯಲ್ ಡೇಗೆ ಎರಡು ಕಾಸ್ಟ್ಯೂಮ್ ಬುಕ್ ಮಾಡಿ, ತಾನೇ ಮೇಲೆ ಹೋಗ್ತಾಳೆ ಅಂದು ನಕ್ಕರು. ತಮಾಷೆಗೆ ಅಂದರೋ ನಿಜವೋ ತಿಳಿಯಲಿಲ್ಲ. ಹಾಗಾಗಿ ಅದನ್ನು ಹಿಡಿದುಕೊಂಡು ಆರೋಪ ಮಾಡುವುದಿಲ್ಲ. ಆದರೆ ಕಾರಣ ಹೇಳದಿದ್ದರೆ ಜನ ತಾವೇ ಕಾರಣ ಹುಡುಕಿಕೊಳ್ಳುತ್ತಾರೆ, ಅದಂತೂ ಆ ಮೆಟ್ಟಿಲ ಮೇಲೆ ದಿನಾ ನಡೆಯುತ್ತಿತ್ತು.

ಬುಧವಾರ ಆಫೀಸಿಗೆ ಅರ್ಧ ದಿನ ರಜೆ ಹಾಕಿ ಹೋದೆ. ಮೇಡಂ ಒಬ್ಬರೇ ಇದ್ದರು. ಅಂದುಕೊಂಡಷ್ಟು ಗಡಸಲ್ಲ, ಕಾಫಿ ಕುಡೀತೀರಾ ಅಂತ ಕೇಳಿದರು. ಆದರೆ ಮಾತು ಶುರುವಾದ ತಕ್ಷಣ ಅದೇ ರಾಗ. "ನೋಡಿ, ಬೇರೆ ಕಡೆಯಿಂದ ಬಂದವರೆಲ್ಲ ನಮ್ಮಲ್ಲಿ ತಟ್ಟಡವಿನಿಂದಲೇ ಶುರು ಮಾಡೋದು. ನಿಮ್ಮ ಮಗಳು ಅಂತ ಅಲ್ಲ, ಎಲ್ಲರಿಗೂ ಒಂದೇ ರೂಲ್."

"ಎಲ್ಲರಿಗೂ ಒಂದೇ ರೂಲ್ ಅಂದ್ರೆ ಟೆಸ್ಟ್ ಯಾಕೆ ಮಾಡಿದ್ರಿ ಮೇಡಂ?" ಅಂದೆ.

ಅವರು ಸ್ವಲ್ಪ ಹೊತ್ತು ಸುಮ್ಮನಾದರು. ನಾನು ಮುಂದುವರಿಸಿದೆ. ಅವಳನ್ನು ನೀವು ಒಂದು ಸಲವೂ ನೋಡಿಲ್ಲ. ಮೂರು ಕಾಲದಲ್ಲಿ ನೀವೇ ತಟ್ಟಿ ನೋಡಿ. ಆಮೇಲೆ ಬಿಗಿನರ್ಸ್ ಅಂದರೆ ನಾನು ಇನ್ನು ಬಾಯಿ ಬಿಡುವುದಿಲ್ಲ.

ಶನಿವಾರ ಕರೆದುಕೊಂಡು ಬನ್ನಿ ಅಂದರು.

ಆ ಶನಿವಾರ ಹಾಲಿನಲ್ಲಿ ಬೇರೆ ಮಕ್ಕಳಿರಲಿಲ್ಲ. ಮೇಡಂ ಕೋಲಿನಲ್ಲಿ ತಾಳ ತಟ್ಟುವ ತಟ್ಟುಮಣೆ ಎಳೆದುಕೊಂಡು ಕೂತರು. ಮಗಳು ಡ್ಯಾನ್ಸ್ ಸೀರೆಯ ಸೆರಗು ಸಿಕ್ಕಿಸಿಕೊಂಡು, ನಮಸ್ಕಾರ ಮಾಡಿ ನಿಂತಳು. ನಾಟಡವು. "ತೈಯುಂ ತತ್ ತತ್ ತೈಯುಂ ತಾ." ಮೊದಲನೇ ಕಾಲದಲ್ಲಿ ಮೇಡಂ ಅವಳ ಮುಖ ನೋಡಲೇ ಇಲ್ಲ. ಅವರ ಕಣ್ಣು ಪೂರ್ತಿ ಮಂಡಿಯ ಮೇಲಿತ್ತು. ಕಾಲು ಚಾಚಿ ಹಿಮ್ಮಡಿ ಊರುವಾಗ ಇನ್ನೊಂದು ಕಾಲಿನ ಕೂರುವಿಕೆ ಏಳಬಾರದು. ಇವಳು ಪ್ರತಿ ಸಲವೂ ಒಂದಿಂಚು ಏಳುತ್ತಿದ್ದಳು. ಎರಡನೇ ಕಾಲದಲ್ಲಿ ಕೈ ಇಳಿಯಿತು. ಕೋಲು ನಿಲ್ಲಿಸದೆಯೇ ಮೇಡಂ ಎಡಗೈಯಲ್ಲಿ ಸನ್ನೆ ಮಾಡಿದರು, ಮೇಲೆ, ಮೇಲೆ ಅಂತ. ಅವಳು ಎತ್ತಿದಳು, ತಾಳ ತಪ್ಪಲಿಲ್ಲ. ಮೂರನೇ ಕಾಲ ಬಂದಾಗ ಕೋಲಿನ ಸದ್ದೂ ಪಾದದ ಸದ್ದೂ ಒಂದೇ ಆಗಿಬಿಟ್ಟಿತು. ಮೇಡಂ ಬೇಕೆಂದೇ ಒಂದು ಆವರ್ತ ಜಾಸ್ತಿ ತಟ್ಟಿದರು. ಅವಳು ನಿಲ್ಲಲಿಲ್ಲ. ಆಮೇಲೆ "ತೈ ಹತ್ ತೈ ಹಿ" ಹೇಳಿದರು, ಅಡವಿನ ಹೆಸರು ಹೇಳದೆ. ಅದೂ ಆಯಿತು. ಅಲರಿಪು ಕೇಳಿದರು. ಕತ್ತನ್ನು ಪಕ್ಕದಿಂದ ಪಕ್ಕಕ್ಕೆ ಆಡಿಸುವ ಅಟ್ಟಮಿ ಬಂದಾಗ ಮೊದಲ ಸಲ ಮುಖ ನೋಡಿದರು.

"ತಾಳ ಚೆನ್ನಾಗಿದೆ. ಯಾರು ಕಲಿಸಿದ್ದು?" ಅಂತ ಅವಳನ್ನೇ ಕೇಳಿದರು. ಹೇಳಿದಳು. "ಮಂಡಿ ಮಾತ್ರ ಕೆಟ್ಟಿದೆ ಪುಟ್ಟ. ಕೂರೋದನ್ನ ಮತ್ತೆ ಕಲೀಬೇಕು. ಅಳ್ತೀಯಾ?"

"ಇಲ್ಲ ಮಿಸ್."

ನನ್ನ ಕಡೆ ತಿರುಗಿ, "ಎಕ್ಸಾಂ ಬ್ಯಾಚಿಗೆ ಈಗಲೇ ಹಾಕಲ್ಲ. ಹಾಕಿದ್ರೆ ಐಟಂ ಓಡಿಸ್ತೀವಿ, ಮಂಡಿ ಹಾಗೇ ಉಳಿಯುತ್ತೆ" ಅಂದರು. ಒಪ್ಪುವ ಮಾತು. ಇದೇ ಒಂದು ವಾಕ್ಯವನ್ನು ಮೊದಲ ದಿನವೇ ಮೆಸೇಜಿನಲ್ಲಿ ಬರೆದಿದ್ದರೆ ನನ್ನ ಅರ್ಧ ದಿನದ ರಜೆ ಉಳಿಯುತ್ತಿತ್ತು. ಡೈರಿ ಮುಂದಿಟ್ಟು ಬರೆದುಕೊಡಿ ಮೇಡಂ ಅಂದೆ. ಅವರಿಗೆ ಇಷ್ಟವಾಗಲಿಲ್ಲ, ಮುಖದಲ್ಲೇ ಕಾಣುತ್ತಿತ್ತು. ಈವರೆಗೆ ಯಾರೂ ಹೀಗೆ ಕೇಳಿಲ್ಲ ಅಂದರು. ಆದರೂ ಬರೆದರು. ಅರೆಮಂಡಿ ಎಡಗಡೆ, ನಾಟಡವಿನಲ್ಲಿ ಏಳಬಾರದು, ಮೊಣಕೈ. ಕೆಳಗೆ ಸಹಿ.

ಈಗ ಅವಳು ಅಡವು ಬ್ಯಾಚಿನಲ್ಲಿದ್ದಾಳೆ, ಅವಳದೇ ವಯಸ್ಸಿನ ಮಕ್ಕಳ ಜೊತೆ. ತಿಂಗಳಿಗೊಮ್ಮೆ ಮೇಡಂ ಆ ಬ್ಯಾಚಿಗೆ ಬಂದು ಕೂರುತ್ತಾರೆ. ಇದು ಹೊಸದು, ನಮ್ಮ ಗಲಾಟೆ ಆದ ಮೇಲೆ ಶುರುವಾಗಿದ್ದು. ಬೇಡ ಕಣ್ರೀ ಅಂದಿದ್ದ ಅಮ್ಮನೂ ಮೊನ್ನೆ ಮಗಳ ಡೈರಿ ಹಿಡಿದುಕೊಂಡು ಒಳಗೆ ಹೋಗಿ ಬಂದರು. ನನ್ನ ಮಗಳನ್ನು ಹಿಂದಿನ ಸಾಲಿಗೆ ಹಾಕಿದರಾ ಅಂದರೆ, ಹೌದು, ಹಾಕಿದರು. ಉದ್ದ ಇದ್ದಾಳೆ ಅಂತ ಅಕ್ಕ ಹೇಳಿದಳು. ಉದ್ದ ಇರುವುದೂ ನಿಜವೇ. ನಾನು ಅದನ್ನು ಎತ್ತಿಕೊಂಡು ಹೋಗಲಿಲ್ಲ.

ಮನೆಯಲ್ಲಿ ದಿನಾ ಸಂಜೆ ಗೋಡೆಗೆ ಬೆನ್ನು ಹಚ್ಚಿ ಅರೆಮಂಡಿಯಲ್ಲಿ ಕೂರಿಸುತ್ತೇನೆ. ಟೈಲ್ಸ್ ನೆಲದ ಮೇಲೆ ತಟ್ಟಬೇಡ ಅಂತ ಚಾಪೆ ಹಾಕಿದ್ದೇನೆ. ಕೆಳಗಿನ ಮನೆಯವರು ಒಂದು ಸಲ ಬಂದು ಬಾಗಿಲು ತಟ್ಟಿಯೂ ಆಗಿದೆ. ಸಂಕ್ರಾಂತಿ ಕಳೆದ ಮೇಲೆ ಮತ್ತೆ ನೋಡಿ ಎಕ್ಸಾಂ ಬ್ಯಾಚಿನ ವಿಷಯ ಹೇಳುತ್ತೇನೆ ಅಂದಿದ್ದಾರೆ ಮೇಡಂ. ಅದನ್ನೂ ಡೈರಿಯಲ್ಲಿ ಬರೆಸಿಕೊಂಡಿದ್ದೇನೆ. ಬಿಗಿನರ್ಸ್ ಬ್ಯಾಚಿನಲ್ಲಿ ಕಳೆದ ಭಾನುವಾರಗಳ ಫೀಸನ್ನು ಮುಂದಿನ ಕಂತಿಗೆ ಹೊಂದಿಸಿಕೊಳ್ಳಿ ಅಂತಲೂ ಕೇಳಿದ್ದೇನೆ. ಮಗಳು ಅಲ್ಲಿ ಚಿಕ್ಕ ಮಕ್ಕಳಿಗೆ ತೋರಿಸಿಕೊಟ್ಟಳಲ್ಲ, ಲೆಕ್ಕ ಹಾಕಿದರೆ ಅವರೇ ನಮಗೆ ಕೊಡಬೇಕು. ಈ ಮೆಸೇಜಿಗೆ ನೀಲಿ ಟಿಕ್ ಬಿದ್ದಿದೆ, ಉತ್ತರ ಇನ್ನೂ ಬಂದಿಲ್ಲ.